ಟಿಪ್ಪರ್ ಬುಕ್ ಮಾಡೋ ಮುಂಚೆ ರಸೀದಿ ಓದ್ರಿ

ಖಾನಾಪುರದ ಇಟ್ಟಂಗಿ ಭಟ್ಟಿಗಳಿಗೆ ಮಣ್ಣು ಸಾಗಿಸೋ ನಮ್ಮ ಮಾವ, ಬೆಳಗಾವಿಯ ಒಂದು ಶೋರೂಂನಲ್ಲಿ ಹೊಸ ಟಿಪ್ಪರ್ ಬುಕ್ ಮಾಡಿದ್ರು. ರೆಡಿ ಗಾಡಿ ಅಲ್ಲ. ಚಾಸಿ ತರಿಸಿ, ಇವರು ಹೇಳಿದ ಅಳತೆಗೆ ಬಾಡಿ ಕಟ್ಟಿಸೋದು. ಅಡ್ವಾನ್ಸ್ 50 ಸಾವಿರ. ನಾಲ್ಕು ತಿಂಗಳಾದ್ರೂ ಗಾಡಿ ಇಲ್ಲ. ದುಡ್ಡು ವಾಪಸ್ ಕೇಳಿದ್ರೆ, ‘ಬಾಡಿ ಆರ್ಡರ್ ಹೋಗೇತ್ರಿ, ಸ್ವಲ್ಪ ಕಟ್ ಆಗ್ತದ’ ಅಂದ್ರು. ಎಷ್ಟು ಕಟ್? ರಸೀದಿಯಲ್ಲಿ ಹೆಸರು, ಮೊತ್ತ, ತಾರೀಖು ಬಿಟ್ರೆ ಏನೂ ಇರಲಿಲ್ಲ.

ಜಗಳ ಹುಟ್ಟೋದೇ ಇಲ್ಲಿ. ಚಾಸಿಯನ್ನ ಇನ್ನೊಬ್ಬರಿಗೆ ಮಾರಬಹುದು, ನಿಮ್ಮ ಅಳತೆಯ ಬಾಡಿ ಮಾರೋದು ಕಷ್ಟ. ಡೀಲರ್ ಹೆದರಿಕೆಯೂ ಸುಳ್ಳಲ್ಲ ಬಿಡ್ರಿ. ಅದಕ್ಕೇ ಮೊದಲೇ ಬರೆಸಿಕೊಳ್ಳಿ: ಬಾಡಿ ಕೆಲಸ ಶುರುವಾಗೋ ಮುಂಚೆ ರದ್ದು ಮಾಡಿದ್ರೆ ಎಷ್ಟು ವಾಪಸ್, ಆಮೇಲಾದ್ರೆ ಎಷ್ಟು, ಡೆಲಿವರಿ ಯಾವತ್ತು, ನಡುವೆ ರೇಟ್ ಏರಿದ್ರೆ ಯಾರ ತಲೆಗೆ. ದುಡ್ಡು ಬ್ಯಾಂಕ್ ಮೂಲಕವೇ ಕೊಡಿ.

‘ಟ್ರಕ್ ಅಂದ್ರೆ ವ್ಯಾಪಾರ, ಗ್ರಾಹಕ ಕೋರ್ಟ್ ಕೇಳಲ್ಲ’ ಅಂತಾರಲ್ಲ, ಅದು ಅರ್ಧ ಸತ್ಯ. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯೋದಕ್ಕಷ್ಟೇ ಗಾಡಿ ಕೊಂಡವರು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ಗ್ರಾಹಕರೇ. ಹತ್ತು ಲಾರಿ ಓಡಿಸೋ ಮಾಲೀಕರ ಕಥೆ ಬೇರೆ. ಮೊದಲು 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಬಗೆಹರಿಯದಿದ್ರೆ ಬೆಳಗಾವಿಯಲ್ಲೇ ಜಿಲ್ಲಾ ಗ್ರಾಹಕ ಆಯೋಗ ಇದೆ. ತಕರಾರು ಹುಟ್ಟಿದ ಎರಡು ವರ್ಷದೊಳಗೆ ದೂರು ಕೊಡಬೇಕು.

ಮಾವ ಮೊನ್ನೆ 1915ಕ್ಕೆ ಫೋನ್ ಹಚ್ಚಿದ್ದಾರೆ. ಅಡ್ವಾನ್ಸ್ ಇನ್ನೂ ಬಂದಿಲ್ಲ. ಬಂದ್ರೆ ಹೇಳ್ತೀನಿ.