ಕೃಷ್ಣೆಯ ನೆರೆ, ನೆರೆಯವರ ದೂರು

(ಪುಣೆಯ ಕನ್ನಡಿಗರ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಮಹಾರಾಷ್ಟ್ರದಲ್ಲಿ ನೆಲೆಸಿದ ನಮ್ಮನ್ನು ಮಳೆಗಾಲದಲ್ಲಿ ಇಲ್ಲಿಯ ಮಿತ್ರರು ಕೇಳುವುದುಂಟು: "ನಿಮ್ಮ ಆಲಮಟ್ಟಿ ನಮ್ಮ ಸಾಂಗಲಿಯನ್ನು ಏಕೆ ಮುಳುಗಿಸುತ್ತದೆ?" ಊರಿಗೆ ಹೋದರೆ ಅಥಣಿ, ಜಮಖಂಡಿಯ ನಂಟರು ಕೇಳುತ್ತಾರೆ: "ನಿಮ್ಮ ಕೊಯ್ನಾದವರು ನೀರು ಬಿಟ್ಟು ನಮ್ಮ ಹೊಲ ಏಕೆ ಕೊಚ್ಚುತ್ತಾರೆ?" ಎರಡೂ ಕಡೆ ದೂರು ನಮ್ಮ ಮೇಲೆಯೇ. ಆದುದರಿಂದ ಕೃಷ್ಣಾ ಕೊಳ್ಳದ ನೆರೆಯ ಇತಿಹಾಸವನ್ನು ಅರಿಯುವ ಹೊಣೆ ಇತರರಿಗಿಂತ ನಮಗೆ ಹೆಚ್ಚು.

ಮಹಾಬಳೇಶ್ವರದಲ್ಲಿ ವರ್ಷಕ್ಕೆ 5,000 ಮಿಲಿಮೀಟರಿಗೂ ಮೀರಿ ಮಳೆಯಾಗುತ್ತದೆ. ಸಾಂಗಲಿ, ವಿಜಯಪುರಗಳ ಬಯಲಿಗೆ ಬೀಳುವುದು ಅದರ ಸಣ್ಣದೊಂದು ಪಾಲು. ಸಹ್ಯಾದ್ರಿಯಿಂದ ಇಳಿದ ಕೊಯ್ನಾ ಕರಾಡದಲ್ಲಿಯೂ, ವಾರಣಾ ಸಾಂಗಲಿಯ ಬಳಿಯ ಹರಿಪುರದಲ್ಲಿಯೂ, ಪಂಚಗಂಗಾ ನರಸೋಬಾವಾಡಿಯಲ್ಲಿಯೂ ಕೃಷ್ಣೆಯನ್ನು ಕೂಡುತ್ತವೆ. ಇಲ್ಲಿ ನೆಲ ಸಮತಟ್ಟು. ವೇಗ ತಗ್ಗುತ್ತದೆ, ಮಟ್ಟ ಏರುತ್ತದೆ. ಕೃಷ್ಣೆ ತುಂಬಿದ್ದರೆ ಉಪನದಿಗಳ ನೀರು ಹಿಂದಕ್ಕೆ ಒತ್ತುತ್ತದೆ.

ಇದು ಹೊಸದಲ್ಲ. ನರಸೋಬಾವಾಡಿಯ ದತ್ತಮಂದಿರಕ್ಕೆ ನೀರು ನುಗ್ಗಿ, ಪಾದುಕೆಗಳ ಮೇಲೆ ಹರಿದು, ದಕ್ಷಿಣದ ಬಾಗಿಲಿನಿಂದ ಹೊರಬೀಳುವಾಗ ಭಕ್ತರು ಅದರಲ್ಲಿ ಮಿಂದು 'ದಕ್ಷಿಣದ್ವಾರ'ದ ಉತ್ಸವ ಆಚರಿಸುತ್ತಾರೆ. ಆಲಮಟ್ಟಿಯಲ್ಲಿ 519.6 ಮೀಟರಿನ ವರೆಗೆ ನೀರು ನಿಲ್ಲಿಸಲು ಸರ್ವೋಚ್ಚ ನ್ಯಾಯಾಲಯ ಒಪ್ಪಿದ್ದು 2000ದಲ್ಲಿ. ಈ ಆಚರಣೆ ಅದಕ್ಕಿಂತ ಬಹು ಹಳೆಯದು.

2019ರ ಆಗಸ್ಟಿನಲ್ಲಿ ಸಾಂಗಲಿಯ ಇರ್ವಿನ್ ಸೇತುವೆಯ ಬಳಿ ನೀರು 57 ಅಡಿ ಮೀರಿತು. ಅಲ್ಲಿ ಅಪಾಯದ ಮಟ್ಟ 45 ಅಡಿ. ಮಹಾರಾಷ್ಟ್ರ ಸರಕಾರವೇ ನೇಮಿಸಿದ ನಂದಕುಮಾರ ವಡನೇರೆ ಸಮಿತಿಯು 2020ರಲ್ಲಿ, ಈ ನೆರೆಗೆ ಆಲಮಟ್ಟಿಯಾಗಲಿ ಹಿಪ್ಪರಗಿಯಾಗಲಿ ಕಾರಣವಲ್ಲವೆಂದಿತು. ಅತಿವೃಷ್ಟಿಯತ್ತ, ನದಿಪಾತ್ರದ ಒತ್ತುವರಿಯತ್ತ ಬೆರಳು ತೋರಿತು. ಇದರಿಂದ ನಾವು ಬೀಗಬೇಕಾಗಿಲ್ಲ. ಆಲಮಟ್ಟಿಯನ್ನು 524.256 ಮೀಟರಿಗೆ ಏರಿಸಲು ಕೃಷ್ಣಾ ಎರಡನೆಯ ನ್ಯಾಯಮಂಡಳಿ 2010ರಲ್ಲಿ ಸಮ್ಮತಿಸಿದೆ. ಆ ಎತ್ತರದ ಬಗೆಗೆ ಸಾಂಗಲಿಯವರಿಗಿರುವ ಅಂಜಿಕೆಗೆ ಅಂಕಿ-ಅಂಶಗಳಿಂದ ಉತ್ತರಿಸಬೇಕೇ ಹೊರತು ಅಭಿಮಾನದಿಂದಲ್ಲ. ಅದೇ ಆಗಸ್ಟಿನಲ್ಲಿ ಬೆಳಗಾವಿ, ಬಾಗಲಕೋಟೆಗಳ ಹಳ್ಳಿಗಳೂ ಮುಳುಗಿದ್ದವೆಂಬುದನ್ನು ಇಲ್ಲಿಯವರೂ ನೆನೆಯಬೇಕು.

ನಾವು ಕುಳಿತಿರುವ ಪುಣೆಯೂ ಇದೇ ಕೊಳ್ಳದ್ದು. ಇಲ್ಲಿಯ ಮುಠೆಯ ನೀರು ಭೀಮೆಗೆ, ಭೀಮೆಯದು ಕೃಷ್ಣೆಗೆ. 1961ರ ಜುಲೈ 12ರಂದು, ಇನ್ನೂ ಕಟ್ಟುತ್ತಿದ್ದ ಪಾನಶೇತ ಅಣೆಕಟ್ಟು ಒಡೆದು, ಕೆಳಗಿನ ಖಡಕವಾಸಲಾವೂ ಒಡೆದು ಈ ನಗರ ಮುಳುಗಿತು. ಕೃಷ್ಣೆಯ ಇನ್ನೊಂದು ಉಪನದಿಯಾದ ಮೂಸಿ 1908ರ ಸೆಪ್ಟೆಂಬರಿನಲ್ಲಿ ಹೈದರಾಬಾದನ್ನು ಹಾಳುಗೆಡವಿತ್ತು. 2009ರ ಅಕ್ಟೋಬರಿನಲ್ಲಿ ಮಂತ್ರಾಲಯ, ಕರ್ನೂಲು ಮುಳುಗಿದಾಗ ಮಳೆ ಸುರಿದದ್ದು ಬೆಟ್ಟದಲ್ಲಲ್ಲ, ಒಣಬಯಲಿನಲ್ಲಿ. ಅದೂ ಮುಂಗಾರಿನ ಕೊನೆಗೆ.

ಖಡಕವಾಸಲಾದ ಸ್ವಯಂಚಾಲಿತ ಬಾಗಿಲುಗಳನ್ನು ರೂಪಿಸಿದ ನಮ್ಮ ವಿಶ್ವೇಶ್ವರಯ್ಯನವರೇ 1909ರಲ್ಲಿ ಹೈದರಾಬಾದಿಗೆ ಹೋಗಿ, ನೆರೆಯನ್ನು ತಡೆದು ಮೆಲ್ಲಗೆ ಬಿಡಲು ನಗರದ ಮೇಲ್ಗಡೆ ಜಲಾಶಯಗಳು ಬೇಕೆಂದರು. 1920ರಲ್ಲಿ ಉಸ್ಮಾನ್ ಸಾಗರ, 1927ರಲ್ಲಿ ಹಿಮಾಯತ್ ಸಾಗರ ಸಿದ್ಧವಾದವು. ಇದರ ಹಿಂದಿನ ತತ್ತ್ವ ಸರಳ: ನೆರೆ ತಡೆಯಬೇಕಾದರೆ ಜಲಾಶಯದಲ್ಲಿ ಖಾಲಿ ಜಾಗವಿರಬೇಕು. ಆದರೆ ಬೆಳೆಗೂ ವಿದ್ಯುತ್ತಿಗೂ ಅದು ತುಂಬಿರಬೇಕು. ಕೊಯ್ನಾ, ಆಲಮಟ್ಟಿ ಎರಡರ ಸಂಕಟವೂ ಇದೇ. ಯಾವ ವಾರ ಎಷ್ಟು ತುಂಬಿಸಬೇಕು, ಎಷ್ಟು ಬಿಡಬೇಕು ಎಂಬುದನ್ನು ಎರಡೂ ರಾಜ್ಯಗಳು ಕೂಡಿಯೇ ನಿರ್ಧರಿಸಬೇಕು. 2021ರ ಜೂನ್‌ನಲ್ಲಿ ಮಹಾರಾಷ್ಟ್ರದ ಜಲಸಂಪನ್ಮೂಲ ಸಚಿವ ಜಯಂತ ಪಾಟೀಲರು ಬೆಂಗಳೂರಿನಲ್ಲಿ ಮುಖ್ಯಮಂತ್ರಿ ಯಡಿಯೂರಪ್ಪನವರನ್ನು ಕಂಡು ಈ ಕುರಿತು ಮಾತನಾಡಿದ್ದರು. ಮುಂದಿನ ತಿಂಗಳೇ ಸಾಂಗಲಿ, ಕೊಲ್ಹಾಪುರಗಳಿಗೆ ಮತ್ತೆ ನೆರೆ ಬಂತು. ಒಂದು ಭೇಟಿಯಿಂದ ಮುಗಿಯುವ ಕೆಲಸವಲ್ಲ ಇದು. ಪ್ರತಿ ಮಳೆಗಾಲದಲ್ಲೂ ನಡೆಯಬೇಕಾದದ್ದು.

ಕನ್ನಡದ 'ನೆರೆ'ಗೆ ಪ್ರವಾಹವೆಂಬ ಅರ್ಥವೂ ಉಂಟು, ಪಕ್ಕದವರೆಂಬ ಅರ್ಥವೂ ಉಂಟು. ಎರಡೂ ಭಾಷೆಯ ಪತ್ರಿಕೆಗಳನ್ನು ಓದಬಲ್ಲವರು ನಾವು. ಬರುವ ಮಳೆಗಾಲಕ್ಕೆ ಮೊದಲೇ ಸಂಘವು ಸಾಂಗಲಿಯವರನ್ನೂ ಜಮಖಂಡಿಯವರನ್ನೂ ಇದೇ ವೇದಿಕೆಗೆ ಕರೆಯಬೇಕು. ವಡನೇರೆ ವರದಿಯ ಸಾರವನ್ನು ಕನ್ನಡಕ್ಕೆ ತಂದು ಈ ತ್ರೈಮಾಸಿಕದಲ್ಲಿ ಪ್ರಕಟಿಸಬೇಕು ಎಂಬುದು ನನ್ನ ಬಿನ್ನಹ.