ಬಿಸಿಲ ಗೋಪುರ ಮತ್ತು ನಮ್ಮ ಗೋಮಾಳ

(ರಜತ ಮಹೋತ್ಸವದ ಸಭೆಯಲ್ಲಿ ಸಂಘದ ನಿರ್ದೇಶಕರು ಆಡಿದ ಮಾತು)



ಕಳೆದ ಸರ್ವಸದಸ್ಯರ ಸಭೆಯಲ್ಲಿ ನಮ್ಮ ಹುಡುಗರು ಒಂದು ಪ್ರಶ್ನೆ ಎತ್ತಿದರು. ರಾತ್ರಿ ತ್ರೀಫೇಸ್ ಬಂದರೆ ಟಾರ್ಚ್ ಹಿಡಿದು ಹಾವು ಚೇಳಿನ ನಡುವೆ ಮೋಟಾರ್ ಹಾಕೋಕೆ ಹೋಗಬೇಕು. ಅದರ ಬದಲು ಗೋಮಾಳದಲ್ಲಿ ಬಿಸಿಲ ಗೋಪುರ ಕಟ್ಟಿ ನಾವೇ ಕರೆಂಟ್ ಮಾಡಿಕೊಳ್ಳಬಾರದೇ ಅಂತ. ನಾವು ತಕ್ಕಮಟ್ಟಿಗೆ ವಿಚಾರಿಸಿದ್ದೇವೆ.

ಇದು ಅಡುಗೆಮನೆ ಹೊಗೆಗೂಡಿನ ಲೆಕ್ಕವೇ. ಆಳೆತ್ತರಕ್ಕೆ ಗಾಜು ಇಲ್ಲವೇ ಪ್ಲಾಸ್ಟಿಕ್ ಚಪ್ಪರ. ಅದರಡಿ ಗಾಳಿ ಕಾದು ಹಗುರಾಗಿ ನಡುವಿನ ಗೋಪುರದೊಳಗೆ ಏರುತ್ತದೆ, ಬುಡದಲ್ಲಿರುವ ಟರ್ಬೈನ್ ತಿರುಗಿಸುತ್ತದೆ. ನೆಲ ಹೀರಿಕೊಂಡ ಶಾಖದಿಂದ ಕತ್ತಲಾದ ಮೇಲೂ ಸ್ವಲ್ಪ ಓಡುತ್ತದೆ. ಹುಡುಗರು ಮೆಚ್ಚಿದ್ದು ಇದನ್ನೇ.

ಜರ್ಮನಿಯ ಇಂಜಿನಿಯರ್ ಯೋರ್ಗ್ ಶ್ಲೈಶ್ ಸ್ಪೇನ್ ದೇಶದ ಮಂಜನಾರೆಸ್‌ನಲ್ಲಿ ಇಂಥದೊಂದು ಕಟ್ಟಿಸಿ 1982ರಲ್ಲಿ ಓಡಿಸಿದರು. ಚಪ್ಪರ 46,000 ಚದರ ಮೀಟರ್, ಅಂದರೆ 11 ಎಕರೆ ಮೇಲೆ. ಗೋಪುರ 195 ಮೀಟರ್. ಬಂದದ್ದು ಹೆಚ್ಚೆಂದರೆ 50 ಕಿಲೋವ್ಯಾಟ್! 10 ಹೆಚ್.ಪಿ. ಮೋಟಾರು ಆರು ಓಡೀತು, ಅಷ್ಟೇ. ಬಿದ್ದ ಬಿಸಿಲಲ್ಲಿ ಸಾವಿರಕ್ಕೆ ಒಂದು ಪಾಲು. ಹೆಚ್ಚು ಬೇಕಾದರೆ ಗೋಪುರ ಎತ್ತರಿಸಬೇಕು. 1000 ಮೀಟರ್ ಅಂತೆಲ್ಲ ಯೋಚನೆ ಮಾಡಿದ್ದರು. ಈ ಕಡೆ ಯಲಹಂಕದ ವಾಯುನೆಲೆ, ಆ ಕಡೆ ದೇವನಹಳ್ಳಿ ವಿಮಾನ ನಿಲ್ದಾಣ, ಜೊತೆಗೆ ಜಕ್ಕೂರು. ನಮಗೆ ಯಾರು ಅಷ್ಟೆತ್ತರ ಕಟ್ಟೋಕೆ ಬಿಡ್ತಾರೆ?

ಇನ್ನೊಂದು ಮಾತು. ಅದು ಮೂರು ವರ್ಷದ ಪ್ರಯೋಗ ಅಂತ ಗೋಪುರವನ್ನು ಎಳೆದು ಕಟ್ಟಿದ್ದ ಕಬ್ಬಿಣಕ್ಕೆ ತುಕ್ಕು ಹಿಡಿಯದಂತೆ ಲೇಪನ ಮಾಡಿರಲಿಲ್ಲ. ಏಳು ವರ್ಷ ಓಡಿಸಿದರು. 1989ರ ಬಿರುಗಾಳಿಗೆ ಗೋಪುರ ಮಲಗಿತು. ತಪ್ಪು ತತ್ವದ್ದಲ್ಲ, ತುಕ್ಕಿನದು.

ಪಾವಗಡದಲ್ಲಿ ಸುಮಾರು 13,000 ಎಕರೆಯನ್ನು ರೈತರಿಂದ ಗುತ್ತಿಗೆಗೆ ಪಡೆದು 2,050 ಮೆಗಾವ್ಯಾಟ್ ಸೌರಫಲಕ ಹಾಕಿದ್ದಾರೆ. ಆ ಲೆಕ್ಕಕ್ಕೆ 11 ಎಕರೆಗೆ 1,700 ಕಿಲೋವ್ಯಾಟ್ ಆಗುತ್ತೆ. ಹಗಲು ಮಾತ್ರ ನಿಜ. ಆದರೆ ನಾವು ಕೇಳುತ್ತಿರೋದೂ ಹಗಲು ಕರೆಂಟನ್ನೇ ತಾನೇ?

ಹಾಗಂತ ಗೋಮಾಳಕ್ಕೆ ಫಲಕವೂ ಬೇಡ ಅನ್ನುತ್ತೇವೆ. ಅದು ಸರ್ಕಾರದ್ದು, ಸಂಘದ್ದಲ್ಲ, ಆ ಮಾತು ಬೇರೆ. ಸುತ್ತ ಎಲ್ಲಾ ಲೇಔಟ್ ಆಗಿ ನಮ್ಮ ಹಸುಗಳಿಗೆ ಉಳಿದಿರೋದು ಅದೊಂದೇ. ಅದೂ ಹೋದರೆ ಡೇರಿಗೆ ಹಾಲು ಎಲ್ಲಿಂದ ತರೋಣ?

ಸಂಘದ ಕಟ್ಟಡದ ಛಾವಣಿ ಖಾಲಿ ಇದೆ. ಅಲ್ಲಿ ಫಲಕ ಹಾಕಿಸಿದರೆ ಹಾಲು ತಣಿಸುವ ಯಂತ್ರದ ಬಿಲ್ ಇಳಿಯುತ್ತದೆ. ಅಂದಾಜುಪಟ್ಟಿಯನ್ನು ಮುಂದಿನ ಸಭೆಯಲ್ಲಿ ಇಡುತ್ತೇವೆ. ಫಲಕ ಕೂರಿಸುವ ಕಬ್ಬಿಣಕ್ಕೆ ಸತುವಿನ ಲೇಪನ ಇದೆಯೋ ಇಲ್ಲವೋ ನೋಡಿಯೇ ಹಣ ಪಾವತಿ ಮಾಡುತ್ತೇವೆ.