ಕಲ್ಲುಗೋಡೆಯ ಮನೆ: ದುರಸ್ತಿ ಮತ್ತು ಮಾರ್ಪಾಡು

ಪುಣೆ ಜಿಲ್ಲೆಯ ದೌಂಡದಿಂದ ಭೀಮಾ ನದಿಯ ಗುಂಟ ಕಲಬುರಗಿ ಸೀಮೆಯವರೆಗೆ ಹಳೆಯ ಊರುಗಳಲ್ಲಿ ಕಲ್ಲುಮಣ್ಣಿನ ದಪ್ಪಗೋಡೆಯ ಮನೆಗಳು ಇಂದಿಗೂ ಇವೆ. ಇಂಥ ಗೋಡೆ ಹೊರನೋಟಕ್ಕೆ ಒಂದೇ. ಒಳಗೆ ಅನೇಕ ವೇಳೆ ಎರಡು ಪದರ, ನಡುವೆ ಚೂರುಗಲ್ಲು. ಪದರಗಳನ್ನು ಬೆಸೆಯುವ ಉದ್ದನೆಯ ಕಲ್ಲುಗಳಿಲ್ಲದಿದ್ದರೆ ಗೋಡೆ ಉಬ್ಬಿ ಸೀಳುತ್ತದೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಲಾತೂರ ಜಿಲ್ಲೆಯ ಕಿಲ್ಲಾರಿ ಪ್ರದೇಶದಲ್ಲಿ ಭೂಮಿ ಕಂಪಿಸಿದಾಗ, ಇಂಥ ಗೋಡೆಗಳೂ ಭಾರವಾದ ಮಣ್ಣಿನ ಮಾಳಿಗೆಗಳೂ ಕುಸಿದು ಸಾವಿರಾರು ಜನರು ಅಸುನೀಗಿದರು.

ಆದುದರಿಂದ ಬಿರುಕಿಗೆ ಸಿಮೆಂಟು ಮೆತ್ತಿದ ಮಾತ್ರಕ್ಕೆ ದುರಸ್ತಿ ಮುಗಿಯುವುದಿಲ್ಲ. ಬುನಾದಿಗೆ ನೀರು ಇಳಿಯುತ್ತಿದೆಯೇ, ಎರೆಮಣ್ಣು ಮಳೆಗೆ ಉಬ್ಬಿ ಬಿಸಿಲಿಗೆ ಕುಗ್ಗುತ್ತಿದೆಯೇ ಎಂಬುದನ್ನು ಮೊದಲು ಪರೀಕ್ಷಿಸಬೇಕು. ಉಬ್ಬಿದ ಭಾಗವನ್ನು ಮಾಳಿಗೆಗೆ ಆಸರೆ ಕೊಟ್ಟ ಬಳಿಕ ಬಿಚ್ಚಿ ಮತ್ತೆ ಕಟ್ಟತಕ್ಕದ್ದು. ಉಳಿದ ಗೋಡೆಯಲ್ಲಿ ಸುಮಾರು ಒಂದೊಂದು ಮೀಟರ್ ಅಂತರದಲ್ಲಿ ಕಲ್ಲನ್ನು ಮೆಲ್ಲನೆ ಸಡಿಲಿಸಿ ತೆಗೆದು, ಗೋಡೆಯ ಎರಡೂ ಮುಖಗಳನ್ನು ಮುಟ್ಟುವ ರಂಧ್ರ ಮಾಡಬೇಕು. ತುದಿ ಬಾಗಿಸಿದ ಕಬ್ಬಿಣದ ಸರಳನ್ನು ಅದರಲ್ಲಿಟ್ಟು ಕಾಂಕ್ರೀಟು ತುಂಬಿ, ಕನಿಷ್ಠ 10 ದಿನ ನೀರುಣಿಸಬೇಕು. ಸುತ್ತಿಗೆಯಿಂದ ಜೋರಾಗಿ ಬಡಿದರೆ ಗೋಡೆಯೇ ಸಡಿಲಗೊಂಡೀತು.

ಮಾಳಿಗೆ ಸೋರಿದಾಗಲೆಲ್ಲ ಹೊಸ ಮಣ್ಣು ಹೇರುವುದು ಅಪಾಯಕರ; ಹಳೆಯ ಮಣ್ಣನ್ನು ಕೆತ್ತಿ ತೆಗೆದ ಮೇಲೆಯೇ ತೆಳುವಾಗಿ ಹೊಸದನ್ನು ಹಾಕಬೇಕು.

ಹೊಸ ಬಾಗಿಲು ಅಥವಾ ಕಿಟಕಿ ತೆರೆಯುವ ಮುನ್ನ ಆ ಗೋಡೆ ತೊಲೆಗಳ ಭಾರವನ್ನು ಹೊತ್ತಿದೆಯೇ ಎಂದು ಅನುಭವಿ ಇಂಜಿನಿಯರರಿಂದ ತಿಳಿಯಬೇಕು. ಮೂಲೆಯ ಸಮೀಪದಲ್ಲಿ ಗೋಡೆ ಒಡೆಯಬಾರದು. ತೊಲೆಗಳಿಗೆ ಆಸರೆ ಕೊಟ್ಟು, ಲಿಂಟಲ್ ಭದ್ರವಾಗಿ ಕುಳಿತ ಅನಂತರವೇ ಕೆಳಗಿನ ಕಲ್ಲು ತೆಗೆಯುವುದು ಕ್ರಮ. ಗಿಲಾವಿನ ಅಂದಕ್ಕಿಂತ ಗೋಡೆಯ ಒಳಬಂಧವೇ ಮನೆಮಂದಿಯನ್ನು ಕಾಯುತ್ತದೆ.